ಪೊಲಾರಿ ಮತ್ತು ಫಾರ್ಸಿ: ಗೂಢಭಾಷೆಗಳ ಕೋಶವಿಚಾರ

ಪಕ್ಕದಲ್ಲಿ ನಿಂತವನಿಗೆ ಕೇಳಿಸಿದರೂ ತಿಳಿಯಬಾರದು ಎಂಬ ಉದ್ದೇಶದಿಂದ ಮಾತನ್ನು ಮರೆಮಾಡುವ ವಿದ್ಯೆಯನ್ನು ಪ್ರಾಚೀನರು ಕಲೆಗಳ ಸಾಲಿನಲ್ಲಿಯೇ ಎಣಿಸಿದ್ದರು. ವಾತ್ಸ್ಯಾಯನನು ಕಾಮಸೂತ್ರದಲ್ಲಿ ಹೇಳಿರುವ ಅರುವತ್ತನಾಲ್ಕು ಕಲೆಗಳಲ್ಲಿ ಅಕ್ಷರಮುಷ್ಟಿಕಾಕಥನವೂ ಮ್ಲೇಚ್ಛಿತವಿಕಲ್ಪವೂ ಒಂದರ ಪಕ್ಕದಲ್ಲೊಂದು ಬಂದಿವೆ. ಜಯಮಂಗಲಾ ವ್ಯಾಖ್ಯಾನವನ್ನು ರಚಿಸಿದ ಯಶೋಧರನು ಎರಡನೆಯದನ್ನು ವಿವರಿಸುತ್ತ, ಶಬ್ದಗಳು ಸಾಧುವಾಗಿದ್ದರೂ ಅಕ್ಷರಗಳನ್ನು ಅತ್ತಿತ್ತ ಮಾಡಿ ಅರ್ಥವು ಹೊಳೆಯದಂತೆ ಮಾಡುವುದೇ ಮ್ಲೇಚ್ಛಿತವೆಂದೂ, ಗುಟ್ಟಿನ ವಿಷಯಗಳ ಆಲೋಚನೆಗೆ ಅದು ಉಪಯುಕ್ತವೆಂದೂ ಹೇಳಿ, ಕೌಟಿಲೀಯ, ಮೂಲದೇವೀಯ ಎಂಬ ಎರಡು ಕ್ರಮಗಳನ್ನು ಹೆಸರಿಸಿರುವನು. ಒಂದಕ್ಕೆ ಮಂತ್ರಿಯ ಹೆಸರು. ಮತ್ತೊಂದಕ್ಕೆ ಕಥಾಸಾಹಿತ್ಯದಲ್ಲಿ ಧೂರ್ತಶಿರೋಮಣಿಯೆಂದು ಪ್ರಸಿದ್ಧನಾದ ಮೂಲದೇವನ ಹೆಸರು. ಅರಮನೆಯವರೂ ಬೀದಿಯವರೂ ಒಂದೇ ವಿದ್ಯೆಗೆ ಶರಣಾಗುತ್ತಿದ್ದರೆಂಬುದನ್ನು ಈ ಎರಡು ಹೆಸರುಗಳೇ ಸೂಚಿಸುವುವು. ಪ್ರತಿಯೊಂದು ಅಕ್ಷರದ ಹಿಂದೆ ಕಕಾರವನ್ನು ಸೇರಿಸಿ ಹಿರಿಯರ ಎದುರಿನಲ್ಲಿಯೇ ಗುಟ್ಟು ಮಾತಾಡುವ ಕನ್ನಡದ ಮಕ್ಕಳ ಆಟವೂ ಈ ವಿದ್ಯೆಯ ಕಿರಿಯ ಶಾಖೆಯೇ ಆಗಿದೆ.

ಮಹಾಭಾರತದ ಆದಿಪರ್ವದಲ್ಲಿ ಇದರ ಪ್ರಯೋಗವು ಗಂಭೀರವಾದ ಸಂದರ್ಭವೊಂದರಲ್ಲಿ ದೊರೆಯುತ್ತದೆ. ವಾರಣಾವತಕ್ಕೆ ಹೊರಟ ಯುಧಿಷ್ಠಿರನಿಗೆ ವಿದುರನು ಅರಗಿನ ಮನೆಯ ಅಪಾಯವನ್ನು ಎಲ್ಲರೆದುರಿಗೇ ಗೂಢವಾದ ಮಾತಿನಲ್ಲಿ ತಿಳಿಸುವನು. ಸುತ್ತಲಿದ್ದವರಿಗೆ ಅದು ತಿಳಿಯಲಿಲ್ಲ. ತಾಯಿಯಾದ ಕುಂತಿಗೂ ತಿಳಿಯಲಿಲ್ಲ. ಆಕೆ ಕೇಳಿದ ಮೇಲೆ ಯುಧಿಷ್ಠಿರನು ಅದರ ಅರ್ಥವನ್ನು ಬಿಡಿಸಿ ಹೇಳುವನು. ವಿದುರನು ಆಡಿದುದು ಮ್ಲೇಚ್ಛವಾಕ್ಕೆಂದು ಮುಂದೆ ಅದೇ ಪರ್ವದಲ್ಲಿ ಹೇಳಿದೆ. ವಿರಾಟಪರ್ವದಲ್ಲಿ ಪಾಂಡವರು ಕಂಕ, ಬಲ್ಲವ, ಬೃಹನ್ನಳೆ ಮೊದಲಾದ ತೋರಿಕೆಯ ಹೆಸರುಗಳಲ್ಲದೆ, ತಮ್ಮೊಳಗೆ ಕರೆದುಕೊಳ್ಳುವುದಕ್ಕಾಗಿ ಜಯ, ಜಯಂತ, ವಿಜಯ, ಜಯತ್ಸೇನ, ಜಯದ್ಬಲ ಎಂಬ ಗುಹ್ಯನಾಮಗಳನ್ನೂ ಇಟ್ಟುಕೊಂಡರು. ಈ ಎರಡು ಪ್ರಸಂಗಗಳಲ್ಲಿಯೂ ಗೂಢಭಾಷೆಯನ್ನು ಆಡಿದವನು ಕೇಡಿಗನಲ್ಲ. ಕೇಡಿಗೆ ಗುರಿಯಾಗಿದ್ದವನು, ಇಲ್ಲವೇ ಅವನ ಹಿತೈಷಿ. ಗೂಢಭಾಷೆಯೆಂದೊಡನೆ ಕಳ್ಳರ ಸಂಕೇತವೆಂದೇ ಬಗೆದು ಹೊರಡುವ ಆಧುನಿಕ ಗ್ರಂಥಗಳನ್ನು ಓದುವಾಗ ಈ ಅಂಶವನ್ನು ಮರೆಯಬಾರದು.

ಇಂಗ್ಲೆಂಡಿನ ಸಲಿಂಗಾನುರಾಗಿ ಪುರುಷರಲ್ಲಿ ಬಳಕೆಯಲ್ಲಿದ್ದ ಪೊಲಾರಿ ಎಂಬ ಗೂಢಭಾಷೆಯ ಇತಿಹಾಸವು ಪಾಶ್ಚಾತ್ಯ ವಿದ್ವಾಂಸರಿಂದ ಸಾಕಷ್ಟು ಪರಿಶೋಧಿತವಾಗಿದೆ. ಅದಕ್ಕೆ ಅತ್ಯಂತ ಸಮೀಪವಾದುದು ಭಾರತದ ಹಿಜಡಾ ಸಮುದಾಯದಲ್ಲಿಯೂ, ಕೋತಿಗಳೆಂದು ತಮ್ಮನ್ನು ಕರೆದುಕೊಳ್ಳುವ ಸ್ತ್ರೀಭಾವದ ಪುರುಷರಲ್ಲಿಯೂ ಬಳಕೆಯಲ್ಲಿರುವ, ಫಾರ್ಸಿ ಎಂದು ಹೆಸರಾದ ಮಾತು. ಇವೆರಡನ್ನು ಒಟ್ಟಿಗಿಟ್ಟು ನೋಡಿದಾಗ, ಪದಗಳು ಹೇಗೆ ಹುಟ್ಟಿದುವೆಂಬುದಕ್ಕಿಂತ ಅವುಗಳ ಕೋಶವನ್ನು ಯಾರು, ಏತಕ್ಕಾಗಿ ಬರೆದರೆಂಬ ಪ್ರಶ್ನೆಯೇ ಮುಖ್ಯವಾಗಿ ತೋರುವುದು.

ಮೊದಲು ಒಂದು ವಿಭಾಗವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಹೊರಗಿನವರಿಗೆ ಅರ್ಥವಾಗದ ಮಾತೆಲ್ಲವೂ ಗೂಢಭಾಷೆಯಲ್ಲ. ಉಡುಪಿಯ ಸುತ್ತಮುತ್ತಲಿನ ನಾಡೊಂದನ್ನೇ ನೋಡಿದರೂ ಇದು ವ್ಯಕ್ತವಾಗುವುದು. ಯಕ್ಷಗಾನ ಮೇಳದವರು ಬಣ್ಣ ಹಚ್ಚಿಕೊಳ್ಳುವ ಎಡೆಯನ್ನು ಚೌಕಿಯೆನ್ನುವರು. ಪಾತ್ರಗಳ ವೈಭವದ ಪ್ರವೇಶವನ್ನು ಒಡ್ಡೋಲಗವೆನ್ನುವರು. ಇವು ವೃತ್ತಿಯ ಪದಗಳು. ಯಾರು ಕೇಳಿದರೂ ಹೇಳಿಕೊಡುವರು. ಮಣಿಪಾಲದಲ್ಲಿ ೧೯೫೩ರಲ್ಲಿ ವೈದ್ಯಕೀಯ ಕಾಲೇಜು ಸ್ಥಾಪಿತವಾದಂದಿನಿಂದ ಅಲ್ಲಿ ಕೇಳಿಬರುವ ವೈದ್ಯರ ಪರಿಭಾಷೆಯೂ ಇಂತಹುದೇ. ರೋಗಿಯ ಎದುರಿನಲ್ಲಿ ಅದು ಒಮ್ಮೊಮ್ಮೆ ಮರೆಯ ಕೆಲಸವನ್ನೂ ಮಾಡುವುದುಂಟು. ಆದರೆ ಅದಕ್ಕಾಗಿ ಹುಟ್ಟಿದುದಲ್ಲ. ಇನ್ನು ಉಡುಪಿ, ಕಾಪು, ಕಾರ್ಕಳದ ಕಡೆಗಳಲ್ಲಿ ನೆಲಸಿರುವ ಕೊರಗರ ಭಾಷೆಯದು ಬೇರೊಂದು ಬಗೆ. ಅದು ದ್ರಾವಿಡ ವರ್ಗದ ಸ್ವತಂತ್ರ ಭಾಷೆ, ಡಿ. ಎನ್. ಶಂಕರ ಭಟ್ಟರು ಅದರ ವ್ಯಾಕರಣವನ್ನು ವಿವರಿಸಿ ೧೯೭೧ರಲ್ಲಿ ಗ್ರಂಥವನ್ನು ಪ್ರಕಟಿಸಿರುವರು. ಕೊರಗರು ಪರರೊಡನೆ ತುಳುವನ್ನಾಡಿ, ತಮ್ಮ ಭಾಷೆಯನ್ನು ತಮ್ಮೊಳಗೇ ಇಟ್ಟುಕೊಂಡು ಬಂದವರು. ಅಸ್ಪೃಶ್ಯತೆಯ ಪರಮಾವಧಿಯಾದ ಅಜಲು ಪದ್ಧತಿಯನ್ನು ಕಾನೂನಿನಿಂದ ನಿಷೇಧಿಸುವುದಕ್ಕೆ ೨೦೦೦ನೆಯ ವರ್ಷದವರೆಗೆ ಕಾಯಬೇಕಾಯಿತೆಂಬುದನ್ನು ನೆನೆದರೆ, ಆ ಸಂಕೋಚಕ್ಕೆ ಕಾರಣವನ್ನು ಹುಡುಕಬೇಕಾದುದಿಲ್ಲ. ಆದರೂ ಅದು ತಾಯಿನುಡಿ, ಮರೆಗಾಗಿ ಕಟ್ಟಿದ ನುಡಿಯಲ್ಲ. ತಾಯಿಯಿಂದ ಬಾರದೆ, ಯೌವನದಲ್ಲಿ ಒಡನಾಡಿಗಳಿಂದ ಕಲಿತು, ಮರೆಗಾಗಿಯೇ ಉಪಯೋಗಿಸುವ ಮೂರನೆಯ ಬಗೆಯೇ ಪ್ರಕೃತ ವಿಷಯ.

ಪೊಲಾರಿ ಎಂಬ ಹೆಸರು ಮಾತಾಡು ಎಂಬರ್ಥದ ಇಟಾಲಿಯನ್ ಧಾತುವಾದ ಪಾರ್ಲಾರೆ ಎಂಬುದರಿಂದ ಬಂದುದು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಊರೂರು ತಿರುಗುವ ಗೊಂಬೆಯಾಟದವರೂ ದೊಂಬರೂ ಸಂತೆಯ ಗಾಯಕರೂ ಪಾರ್ಲಿಯಾರೀ ಎಂಬ ಮಿಶ್ರಭಾಷೆಯನ್ನು ಆಡುತ್ತಿದ್ದರು. ಹೆನ್ರಿ ಮೇಹ್ಯೂ ಎಂಬವನು ಆ ಶತಮಾನದ ನಡುವಿನಲ್ಲಿ ಲಂಡನ್ನಿನ ಬಡವರನ್ನು ಕುರಿತು ಬರೆದ ಬೃಹದ್ಗ್ರಂಥದಲ್ಲಿ ಗೊಂಬೆಯಾಟದವರ ಈ ಮಾತಿನ ಮಾದರಿಗಳು ದೊರೆಯುವುವು. ಇದಕ್ಕೂ ಮೂಲದಲ್ಲಿರುವುದು ಮಧ್ಯಧರಣಿ ಸಮುದ್ರದ ರೇವುಗಳಲ್ಲಿ ನಾವಿಕರು ಆಡುತ್ತಿದ್ದ ಬೆರಕೆಯ ಭಾಷೆ. ರೇವಿನಲ್ಲಿ ಭಾಷೆಗಳು ಹೀಗೆ ಬೆರೆಯುವ ರೀತಿ ಕಾಪುವಿನಿಂದ ಮಂಗಳೂರಿನವರೆಗಿನ ಕರಾವಳಿಯವರಿಗೆ ಹೊಸದಲ್ಲ. ಪೋರ್ತುಗೀಸರಿಂದ ಬಂದ ಮೇಸ್ತ್ರಿ, ಜನೇಲು, ಚಾವಿ ಎಂಬ ಪದಗಳು ಇಂದಿಗೂ ಮನೆಮನೆಯಲ್ಲಿವೆ. ವ್ಯತ್ಯಾಸವಿಷ್ಟೇ: ಇಲ್ಲಿ ಅವು ಎಲ್ಲರ ಸೊತ್ತಾದುವು, ಅಲ್ಲಿ ತಿರುಗಾಟದವರ ಸೊತ್ತಾಗಿಯೇ ಉಳಿದುವು. ನಾಟಕಶಾಲೆಗಳ ಮೂಲಕವೂ ಹಡಗುಗಳ ಪರಿಚಾರಕರ ಮೂಲಕವೂ ಈ ಮಾತು ಸಲಿಂಗಾನುರಾಗಿಗಳ ಕೈಸೇರಿ, ಇಪ್ಪತ್ತನೆಯ ಶತಮಾನದ ಮೊದಲರ್ಧದ ಹೊತ್ತಿಗೆ ಪೊಲಾರಿಯೆಂಬ ರೂಪವನ್ನು ತಾಳಿತು.

ಅದರ ಶಬ್ದಸಂಗ್ರಹವು ಶಬ್ದಶಾಸ್ತ್ರಜ್ಞನಿಗೆ ಒಂದು ಸಂತೆಯಿದ್ದಂತೆ. ಬೋನಾ ಎಂದರೆ ಒಳ್ಳೆಯದು, ವಾಡಾ ಎಂದರೆ ನೋಡು, ನಾಂಟಿ ಎಂದರೆ ಇಲ್ಲ ಅಥವಾ ಬೇಡ, ಓಮಿ ಎಂದರೆ ಗಂಡಸು. ಇವೆಲ್ಲ ಇಟಾಲಿಯನ್ ಮೂಲದವು. ಪಲೋನಿ ಎಂದರೆ ಹೆಂಗಸು. ಓಮಿ, ಪಲೋನಿ ಎಂಬ ಎರಡನ್ನೂ ಸಮಾಸ ಮಾಡಿದರೆ ಸಲಿಂಗಾನುರಾಗಿ ಪುರುಷನೆಂಬ ಅರ್ಥ ಬರುವುದು. ವೈಯಾಕರಣನು ಇದನ್ನು ದ್ವಂದ್ವವೆನ್ನದೆ ಕರ್ಮಧಾರಯವೆನ್ನಬೇಕು. ಒಬ್ಬನಲ್ಲಿಯೇ ಎರಡೂ ಇರುವನೆಂಬುದು ಇಲ್ಲಿಯ ವಿವಕ್ಷೆ. ಚ್ಯಾವಿ ಎಂದರೆ ಮಗು. ಇದು ರೋಮಾನಿ ಜನರಿಂದ ಬಂದ ಪದ; ರೋಮಾನಿಗಳ ಪೂರ್ವಿಕರು ಸುಮಾರು ಸಾವಿರ ವರ್ಷಗಳ ಹಿಂದೆ ಭಾರತದಿಂದ ಪಶ್ಚಿಮಕ್ಕೆ ಹೋದವರು. ಅವರ ಛಾವೋ ಎಂಬ ಶಬ್ದವು ಪ್ರಾಕೃತದ ಛಾವ, ಸಂಸ್ಕೃತದ ಶಾವ ಎಂಬುದರ ವಂಶದ್ದು. ಮರಿಯೆಂಬ ಅರ್ಥದ ಒಂದು ಸಂಸ್ಕೃತ ಶಬ್ದವು ಹೀಗೆ ಅಲೆಮಾರಿಗಳ ಬಾಯಲ್ಲಿ ಯೂರೋಪನ್ನು ದಾಟಿ, ಲಂಡನ್ನಿನ ಗುಟ್ಟಿನ ಮಾತಿಗೆ ಸೇರಿದುದು ವಿಸ್ಮಯವೇ ಸರಿ.

ಮತ್ತೆ ಕೆಲವು ಪದಗಳು ಅಕ್ಷರವಿಪರ್ಯಯದಿಂದ ಹುಟ್ಟಿದವು. ಕೂದಲಿಗಿರುವ ಹೇರ್ ಎಂಬ ಇಂಗ್ಲಿಷ್ ಶಬ್ದದ ಬರಹವನ್ನು ಹಿಂದುಮುಂದಾಗಿ ಓದಿದರೆ ರಾಯಾ ಆಗುವುದು. ಮುಖಕ್ಕಿರುವ ಫೇಸ್ ಎಂಬುದನ್ನು ತಿರುಗಿಸಿ, ಅದನ್ನೂ ಮೊಟಕುಗೊಳಿಸಿ ಈಕ್ ಎಂದರು. ಈ ತಿರುವು ಉಚ್ಚಾರಣೆಯನ್ನಲ್ಲ, ಬರಹವನ್ನು ಅನುಸರಿಸಿದೆಯಾದುದರಿಂದ ಅದನ್ನು ಮಾಡಿದವರು ಅಲ್ಪಸ್ವಲ್ಪವಾದರೂ ಅಕ್ಷರ ಬಲ್ಲವರಾಗಿದ್ದಿರಬೇಕು. ಯಶೋಧರನ ಅಕ್ಷರವ್ಯತ್ಯಾಸಕ್ಕೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ. ಪೊಲೀಸಿನವನಿಗೆ ಲಿಲಿ ಲಾ ಎಂದು ಹೆಣ್ಣಿನ ಹೆಸರನ್ನಿಟ್ಟಿದ್ದರು. ನಾಂಟಿ ಪೊಲಾರಿ ಎಂದರೆ ಮಾತಾಡಬೇಡವೆಂದು ಎಚ್ಚರಿಕೆ. ತನ್ನನ್ನು ತಾನೇ ನಿಲ್ಲಿಸಿಕೊಳ್ಳುವುದಕ್ಕೂ ಆ ಭಾಷೆಯಲ್ಲಿ ಒಂದು ಮಾತು ಸಿದ್ಧವಾಗಿತ್ತು.

ಇಷ್ಟು ಎಚ್ಚರಿಕೆ ಏಕೆ ಬೇಕಾಯಿತೆಂಬುದನ್ನು ಇಂಗ್ಲೆಂಡಿನ ಶಾಸನಗಳ ಇತಿಹಾಸವು ತಿಳಿಸುವುದು. ಎಂಟನೆಯ ಹೆನ್ರಿಯ ಕಾಲದಲ್ಲಿ, ೧೫೩೩ರಲ್ಲಿ, ಈ ಬಗೆಯ ಸಂಬಂಧಕ್ಕೆ ಮರಣದಂಡನೆಯನ್ನು ವಿಧಿಸಲಾಯಿತು. ೧೭೨೬ರಲ್ಲಿ ಲಂಡನ್ನಿನ ಒಂದು ಕೂಟದ ಮನೆಗೆ ಮುತ್ತಿಗೆ ಹಾಕಿ ಹಿಡಿದವರಲ್ಲಿ ಮೂವರನ್ನು ಗಲ್ಲಿಗೇರಿಸಿದರು. ೧೮೩೫ರಲ್ಲಿ ಕೊನೆಯ ಇಬ್ಬರು ಗಲ್ಲಿಗೇರಿದರು. ೧೮೬೧ರಲ್ಲಿ ಮರಣದಂಡನೆ ಹೋಗಿ ಸೆರೆವಾಸ ಉಳಿಯಿತು. ೧೮೮೫ರ ತಿದ್ದುಪಡಿಯು ಬಲೆಯನ್ನು ಇನ್ನೂ ಅಗಲವಾಗಿ ಬೀಸಿತು. ನಾಟಕಕಾರನಾದ ಆಸ್ಕರ್ ವೈಲ್ಡನು ೧೮೯೫ರಲ್ಲಿ ಎರಡು ವರ್ಷಗಳ ಕಠಿಣಶಿಕ್ಷೆಗೆ ಒಳಗಾದುದು ಅದರ ಅಡಿಯಲ್ಲಿಯೇ. ಇಂತಹ ಕಾಲದಲ್ಲಿ ಅಪರಿಚಿತನೊಬ್ಬನು ತನ್ನವನೋ ಅಲ್ಲವೋ ಎಂದು ತಿಳಿಯುವುದು ಹೇಗೆ? ಮಾತಿನ ನಡುವೆ ಬೋನಾ ಎಂಬ ಒಂದು ಪದವನ್ನು ಸೇರಿಸಿ ಕಾದರೆ ಸಾಕು. ತಿಳಿದವನು ಅದೇ ರೀತಿಯಲ್ಲಿ ಉತ್ತರಿಸುವನು. ತಿಳಿಯದವನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಗೂಢಭಾಷೆಯು ಬೇಲಿಯೂ ಹೌದು, ಬಾಗಿಲೂ ಹೌದು.

೧೯೫೭ರಲ್ಲಿ ವುಲ್ಫೆಂಡೆನ್ ಸಮಿತಿಯು ಕಾನೂನನ್ನು ಸಡಿಲಿಸಬೇಕೆಂದು ಶಿಫಾರಸು ಮಾಡಿತು. ಹತ್ತು ವರ್ಷಗಳ ತರುವಾಯ, ೧೯೬೭ರಲ್ಲಿ, ಶಾಸನವಾಯಿತು. ಪೊಲಾರಿಯ ಗುಟ್ಟು ಅದಕ್ಕಿಂತ ಎರಡು ವರ್ಷ ಮೊದಲೇ ಬಯಲಾಗಿತ್ತು. ೧೯೬೫ರಿಂದ ೧೯೬೮ರವರೆಗೆ ಬಿ. ಬಿ. ಸಿ. ಬಾನುಲಿಯಲ್ಲಿ ಪ್ರಸಾರವಾದ ಒಂದು ಹಾಸ್ಯಕಾರ್ಯಕ್ರಮದಲ್ಲಿ ಜೂಲಿಯನ್, ಸ್ಯಾಂಡಿ ಎಂಬ ಇಬ್ಬರು ಪಾತ್ರಗಳು ಪೊಲಾರಿಯಲ್ಲಿ ಹರಟುತ್ತಿದ್ದರು. ಹ್ಯೂ ಪ್ಯಾಡಿಕ್ ಮತ್ತು ಕೆನೆತ್ ವಿಲಿಯಮ್ಸ್ ಎಂಬ ನಟರ ಬಾಯಿಂದ ಆ ಮಾತು ಗೃಹಸ್ಥರ ಮನೆಗಳಿಗೆ ಹೊಕ್ಕಿತು. ಎಲ್ಲರೂ ಬಲ್ಲ ಗುಟ್ಟಿಗೆ ಬೆಲೆಯೇನು? ಕಾನೂನು ಸಡಿಲವಾದ ಮೇಲೆ ಅದರ ಅಗತ್ಯವೂ ಕುಗ್ಗಿತು. ೧೯೭೦ರ ತರುವಾಯದ ತರುಣರು ಅದನ್ನು ಅಂಜಿಕೆಯ ಕಾಲದ ಹಳೆಯ ಬಟ್ಟೆಯೆಂದು ದೂರ ಸರಿಸಿದರು. ಪಾಲ್ ಬೇಕರ್ ಎಂಬ ಭಾಷಾಶಾಸ್ತ್ರಜ್ಞರು ಬದುಕಿದ್ದ ಮುದುಕರ ಬಾಯಿಂದ ಪದಗಳನ್ನು ಕೂಡಿಸಿ ೨೦೦೨ರಲ್ಲಿ ಇತಿಹಾಸವನ್ನೂ ಕೋಶವನ್ನೂ ಪ್ರಕಟಿಸಿದ ಹೊತ್ತಿಗೆ ಅದು ಹೆಚ್ಚುಕಡಿಮೆ ಮೃತಭಾಷೆ. ಕೆಲವು ಪದಗಳು ಮಾತ್ರ ಸಾಮಾನ್ಯ ಇಂಗ್ಲಿಷಿಗೆ ಸೇರಿ, ತಮ್ಮ ಮೂಲವನ್ನು ತಾವೇ ಮರೆತು ಬದುಕಿವೆ.

ಇನ್ನು ಭಾರತಕ್ಕೆ ಬಂದರೆ, ಕಾಮಸೂತ್ರದ ಸಾಂಪ್ರಯೋಗಿಕಾಧಿಕರಣದಲ್ಲಿ ವಾತ್ಸ್ಯಾಯನನು ತೃತೀಯಾ ಪ್ರಕೃತಿಯೆಂದು ಕರೆದವರನ್ನು ಸ್ತ್ರೀರೂಪಿಣಿ, ಪುರುಷರೂಪಿಣಿ ಎಂದು ಎರಡಾಗಿ ವಿಂಗಡಿಸಿರುವನು. ಮೊದಲನೆಯವರು ಸ್ತ್ರೀಯರ ವೇಷಭಾಷೆಗಳನ್ನು ಅನುಕರಿಸಿ ಬಹಿರಂಗವಾಗಿ ಬಾಳುವರು. ಎರಡನೆಯವರು ತಮ್ಮ ಕಾಮವನ್ನು ಬಚ್ಚಿಟ್ಟುಕೊಂಡು ಮೈಯೊತ್ತುವ ವೃತ್ತಿಯಿಂದ ಜೀವಿಸುವರು. ಇಂದಿನ ಫಾರ್ಸಿಯನ್ನಾಡುವವರಲ್ಲಿಯೂ ಇದೇ ಎರಡು ಪಂಗಡಗಳಿರುವುದು ಗಮನಾರ್ಹ: ಸೀರೆಯುಟ್ಟು ಗುರುಪರಂಪರೆಗೆ ಸೇರಿದ ಹಿ‌ಜಡಾಗಳು ಒಂದು ಕಡೆ, ಹಗಲಿನಲ್ಲಿ ಗಂಡುಡುಗೆಯಲ್ಲಿದ್ದು ಮನೆ, ಕಚೇರಿ, ಅಂಗಡಿಗಳಲ್ಲಿ ತಮ್ಮನ್ನು ಮರೆಸಿಕೊಂಡ ಕೋತಿಗಳು ಇನ್ನೊಂದು ಕಡೆ. ಇವೆರಡೂ ಪರಂಪರಾಗತವಾಗಿ ಒಂದೇ ಎಂದು ಸಾಧಿಸುವುದು ಸಾಹಸವಾದೀತು. ನಡುವೆ ಹದಿನೇಳು ಹದಿನೆಂಟು ಶತಮಾನಗಳಿವೆ. ಆದರೆ ಬಚ್ಚಿಟ್ಟುಕೊಳ್ಳುವ ಅಗತ್ಯವನ್ನು ಸೂತ್ರಕಾರನು ಅಂದೇ ಗುರುತಿಸಿದ್ದನೆಂಬುದು ನಿರ್ವಿವಾದ.

ಫಾರ್ಸಿಯೆಂಬ ಹೆಸರೇ ಒಂದು ಮುಸುಕು. ಪರ್ಷಿಯಾ ದೇಶದ ಭಾಷೆಗೂ ಇದಕ್ಕೂ ಸಂಬಂಧವಿಲ್ಲ. ವಾಕ್ಯದ ಎಲುಬುಗೂಡು ಹಿಂದೂಸ್ಥಾನಿಯದು. ನಾಮಪದ, ಕ್ರಿಯಾಪದಗಳು ಮಾತ್ರ ಬೇರೆ. ಬಿಜಾಪುರದ ಸುಲ್ತಾನರ ಕಾಲದಿಂದ ಟಿಪ್ಪುವಿನ ಕಾಲದವರೆಗೆ ಪಾರಸಿಯು ಕನ್ನಡ ನಾಡಿನಲ್ಲಿಯೂ ಆಸ್ಥಾನದ, ದಫ್ತರದ ಭಾಷೆಯಾಗಿತ್ತು. ಪ್ರಜೆಗಳಿಗೆ ಅರ್ಥವಾಗದ, ಆದರೆ ಗೌರವವುಳ್ಳ ಮಾತಿಗೆ ಅದಕ್ಕಿಂತ ಒಪ್ಪುವ ಹೆಸರು ಯಾವುದಿದ್ದೀತು? ಬಂಗಾಳದಲ್ಲಿ ಇಂತಹ ಮಾತಿಗೆ ಉಲ್ಟಿ ಎಂದು ಹೆಸರು. ತಿರುಗುಮುರುಗು ಎಂಬ ಅದರ ಅರ್ಥವನ್ನು ನೋಡಿದರೆ ಯಶೋಧರನೂ ಲಂಡನ್ನಿನವರೂ ಒಟ್ಟಿಗೆ ನೆನಪಿಗೆ ಬರುವರು.

ಕರ್ನಾಟಕದಲ್ಲಿ ಈ ಶಬ್ದಗಳಿಗೆ ವಿಚಿತ್ರವಾದ ಒಂದು ಗತಿ ಒದಗಿದೆ. ಕೋತಿ ಎಂಬುದು ಸ್ತ್ರೀಭಾವದ ಪುರುಷನಿಗೆ ಆ ಸಮುದಾಯದವರೇ ಇಟ್ಟುಕೊಂಡ ಹೆಸರು; ಅವನು ಬಯಸುವ ಪುರುಷನು ಪಂಥಿ. ಕನ್ನಡಿಗನ ಕಿವಿಗೆ ಕೋತಿಯೆಂದರೆ ಮಂಗವಲ್ಲದೆ ಬೇರಲ್ಲ. ಪಂಥಿಯೆಂದರೆ ಯಾವುದೋ ಪಂಥಕ್ಕೆ ಸೇರಿದವನು. ಬಸ್ಸಿನಲ್ಲಿ ಕುಳಿತು ಇಬ್ಬರು ಈ ಪದಗಳನ್ನಾಡಿದರೆ ಹತ್ತಿರದವನು ಪ್ರಾಣಿಯ ವಿಷಯವೆಂದೋ ಮಠದ ವಿಷಯವೆಂದೋ ಬಗೆದು ಸುಮ್ಮನಾಗುವನು. ಅರಿಯದ ಶಬ್ದವು ಕುತೂಹಲವನ್ನು ಕೆರಳಿಸುವುದು. ಅರಿತ ಶಬ್ದವು ಕುತೂಹಲವನ್ನು ಮಲಗಿಸುವುದು. ಶ್ಲೇಷಾಲಂಕಾರವು ಕಾವ್ಯದಲ್ಲಿ ಚಮತ್ಕಾರಕ್ಕಾಗಿ ಬರುವುದಾದರೆ ಇಲ್ಲಿ ರಕ್ಷಣೆಗಾಗಿ, ಅದೂ ಯಾರೂ ಉದ್ದೇಶಿಸದೆ ಬಂದಿದೆ.

ನಿರ್ವಾಣವೆಂಬ ಶಬ್ದವು ಇನ್ನೂ ಹೆಚ್ಚಿನ ವಿಚಾರಕ್ಕೆ ಅರ್ಹವಾಗಿದೆ. ೧೪೩೨ರಲ್ಲಿ ಗೊಮ್ಮಟನ ಮೂರ್ತಿ ಪ್ರತಿಷ್ಠಿತವಾದ ಕಾರ್ಕಳದಲ್ಲಿ ಶ್ರಾವಕನಿಗೆ ನಿರ್ವಾಣವೆಂದರೆ ಮೋಕ್ಷ. ಕನ್ನಡದ ಬಳಕೆಯಲ್ಲಿ ಅದಕ್ಕೆ ಬತ್ತಲೆಯೆಂಬ ಅರ್ಥವೂ ಉಂಟು. ಹಿಜಡಾಗಳಲ್ಲಿ ಪುರುಷಾಂಗವನ್ನು ತ್ಯಜಿಸುವ ದೀಕ್ಷೆಗೆ ಅದೇ ಹೆಸರು. ಆ ದೀಕ್ಷೆಯನ್ನು ಪಡೆಯದವರನ್ನು ಅಕ್ವಾ ಎನ್ನುವರು. ತ್ಯಾಗದಿಂದ ಮರುಹುಟ್ಟು ಎಂಬ ಭಾವನೆಯು ಮೂರನೆಯ ಅರ್ಥವನ್ನು ಮೊದಲನೆಯದಕ್ಕೆ ಹತ್ತಿರ ತರುವುದು. ಇದನ್ನು ಬರಿಯ ಮುಸುಕಿನ ಪದವೆಂದು ತಳ್ಳಿಹಾಕಲಾಗದು. ಅಮೋಘವರ್ಷನ ಆಶ್ರಯದಲ್ಲಿದ್ದ ಯಾಪನೀಯ ವೈಯಾಕರಣ ಶಾಕಟಾಯನನು ಸ್ತ್ರೀನಿರ್ವಾಣಪ್ರಕರಣವೆಂಬ ಗ್ರಂಥದಲ್ಲಿ ಸ್ತ್ರೀಯರಿಗೆ ಮೋಕ್ಷವುಂಟೆಂದು ವಾದಿಸಿದನು. ಆ ವಾದದಲ್ಲಿ ದೇಹದ ಲಿಂಗವು ಬೇರೆ, ವೇದವೆಂದು ಕರೆಯಲ್ಪಡುವ ಕಾಮಭಾವದ ಲಿಂಗವು ಬೇರೆ ಎಂಬ ಜೈನರ ವಿವೇಚನೆಯು ವಿಚಾರಕ್ಕೆ ಬರುವುದು. ಪುರುಷದೇಹದಲ್ಲಿ ಸ್ತ್ರೀವೇದವಿರಬಹುದೇ ಎಂಬ ಪ್ರಶ್ನೆಯನ್ನು ಕನ್ನಡ ನಾಡಿನ ಪಂಡಿತರು ಒಂಬತ್ತನೆಯ ಶತಮಾನದಲ್ಲಿ ತರ್ಕಶುದ್ಧವಾಗಿ ಚರ್ಚಿಸುತ್ತಿದ್ದರೆಂಬುದು, ಇದೆಲ್ಲ ಈಚೆಗೆ ಹೊರನಾಡಿನಿಂದ ಬಂದ ಮಾತೆನ್ನುವವರು ತಿಳಿಯಬೇಕಾದ ಸಂಗತಿ.

ವ್ಯಾಕರಣದ ಇನ್ನೊಂದು ಅಂಶವುಂಟು. ಹಿಂದಿಯಲ್ಲಿ ಉತ್ತಮಪುರುಷನ ಕ್ರಿಯಾಪದಕ್ಕೂ ಲಿಂಗವಿದೆ; ನಾನು ಬಂದೆ ಎನ್ನುವಾಗಲೇ ಗಂಡೋ ಹೆಣ್ಣೋ ಎಂಬುದನ್ನು ಹೇಳಿಬಿಡಬೇಕು. ಉತ್ತರದ ಹಿಜಡಾಗಳು ಸಂದರ್ಭಕ್ಕೆ ತಕ್ಕಂತೆ ಎರಡು ರೂಪಗಳನ್ನೂ ಬಳಸುವರೆಂದು ಭಾಷಾಶಾಸ್ತ್ರಜ್ಞರು ತೋರಿಸಿಕೊಟ್ಟಿದ್ದಾರೆ. ಕನ್ನಡದಲ್ಲಿ ನಾನು ಬಂದೆ, ತುಳುವಿನಲ್ಲಿ ಯಾನ್ ಬತ್ತೆ ಎಂದರೆ ಹೇಳಿದವರ ಲಿಂಗವು ಹೊರಬೀಳದು. ಬಂದನು, ಬಂದಳು ಎಂಬ ಭೇದವು ಮೂರನೆಯವರನ್ನು ಕುರಿತು ಆಡುವಾಗ ಮಾತ್ರ. ಗೌರವದ ಬಂದರು ಎಂಬ ರೂಪದಲ್ಲಿ ಅದೂ ಅಳಿಸಿಹೋಗುವುದು. ಆದಕಾರಣ ಇಲ್ಲಿಯವನು ತನ್ನನ್ನು ಕುರಿತು ತಾನು ಸುಳ್ಳಾಡದೆಯೇ ಮರೆಯಲ್ಲಿರಬಲ್ಲನು. ಒಡನಾಡಿಗಳು ಅವಳು ಎಂದಾಗಲೇ ಅವನಿಗೆ ತನ್ನ ಹೆಸರು ದೊರೆಯುವುದು. ಅವನು ಎಂಬೆಡೆಯಲ್ಲಿ ಅವಳು ಎನ್ನುವ ಪದ್ಧತಿ ಪೊಲಾರಿಯಲ್ಲಿಯೂ ಇದ್ದಿತು. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಒಂಬತ್ತು ಲಿಂಗಗಳನ್ನು ಹೆಸರಿಸಿರುವನೆಂಬುದು ಕನ್ನಡದ ಅಧ್ಯಾಪಕರಿಗೆಲ್ಲ ಗೊತ್ತು. ಅವನು ಶಬ್ದಗಳನ್ನು ಕುರಿತು ಹೇಳಿದನೇ ಹೊರತು ಮನುಷ್ಯರನ್ನು ಕುರಿತಲ್ಲ. ಆ ಎರಡನ್ನು ಬೆರಸಬಾರದು.

ಈಗ ಕೋಶದ ವಿಷಯ. ಭಾರತದಲ್ಲಿ ಗೂಢಭಾಷೆಗಳ ಕೋಶವು ಪ್ರಸಿದ್ಧಿಗೆ ಬಂದುದು ಬೇಟೆಗಾರನ ಕೈಯಿಂದ. ಥಗ್ಗರನ್ನು ಹಿಡಿಯುವ ಅಧಿಕಾರಿಯಾಗಿದ್ದ ವಿಲಿಯಂ ಸ್ಲೀಮನ್ನನು ಮಾಫಿ ಸಾಕ್ಷಿಗಳ ಬಾಯಿಂದ ಅವರ ಸಂಕೇತಭಾಷೆಯ ಪದಗಳನ್ನು ಬರೆಸಿಕೊಂಡು, ೧೮೩೬ರಲ್ಲಿ ಕಲ್ಕತ್ತೆಯಲ್ಲಿ ರಮಾಸಿಯಾನ ಎಂಬ ಗ್ರಂಥವನ್ನು ಅಚ್ಚುಹಾಕಿಸಿದನು. ಅದರಲ್ಲಿ ಪ್ರತಿಯೊಂದು ಪದವೂ ಒಂದು ಸುಳಿವು. ಅರ್ಥ ತಿಳಿದರೆ ಆಳು ಸಿಕ್ಕಿದಂತೆ. ಗ್ರಿಯರ್ಸನ್ನರ ಭಾರತೀಯ ಭಾಷಾ ಸಮೀಕ್ಷೆಯ ಹನ್ನೊಂದನೆಯ ಸಂಪುಟವು ೧೯೨೨ರಲ್ಲಿ ಹೊರಬಂದಿತು. ಅಲೆಮಾರಿ ಜನಾಂಗಗಳ ಮಾತುಗಳಿಗೇ ಮೀಸಲಾದುದು. ಶಬ್ದದ ಮುಂದೆ ಅಕ್ಷರವನ್ನು ಹಚ್ಚುವುದು, ವ್ಯಂಜನವನ್ನು ಬದಲಿಸುವುದು, ಅಕ್ಷರಗಳನ್ನು ತಿರುಗಿಸುವುದು ಎಂಬ ಕ್ರಮಗಳನ್ನು ಅದರಲ್ಲಿ ವಿದ್ವತ್ತಿನಿಂದ ನಿರೂಪಿಸಿದೆ. ಕೆಲಸವು ಶುದ್ಧವಾದ ಶಾಸ್ತ್ರದ್ದು; ಆದರೆ ಅಂತಹ ಜನಾಂಗಗಳಲ್ಲಿ ಅನೇಕವನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಸರ್ಕಾರವು ಪಟ್ಟಿಮಾಡಿದ್ದ ಕಾಲವದು.

ಪಟ್ಟಿಯೆಂಬ ಮಾತು ಇಲ್ಲಿ ಬಹಳ ಮುಖ್ಯವಾದುದು. ೧೮೭೧ರ ಅಪರಾಧಿ ಬುಡಕಟ್ಟುಗಳ ಕಾನೂನಿನ ಎರಡನೆಯ ಭಾಗವು ಹಿಜಡಾಗಳನ್ನು ಕುರಿತದ್ದು. ಬಾಲಕರನ್ನು ಅಪಹರಿಸುವರೆಂದೋ ಅಸ್ವಾಭಾವಿಕ ಅಪರಾಧ ಮಾಡುವರೆಂದೋ ಸಂದೇಹವಿದ್ದವರ ಹೆಸರು, ವಾಸಸ್ಥಾನಗಳ ಪಟ್ಟಿಯನ್ನು ಇಡತಕ್ಕದ್ದೆಂದೂ, ಅವರು ಹೆಣ್ಣುಡುಗೆಯಲ್ಲಿ ಕಾಣಿಸಿಕೊಂಡರೆ ಶಿಕ್ಷಿಸತಕ್ಕದ್ದೆಂದೂ ಅದರಲ್ಲಿ ವಿಧಿಸಿತ್ತು. ಅದು ಜಾರಿಯಲ್ಲಿದ್ದುದು ಉತ್ತರದ ಪ್ರಾಂತಗಳಲ್ಲಿ. ಮದರಾಸು ಪ್ರಾಂತಕ್ಕೆ ಸೇರಿದ್ದ ಉಡುಪಿ, ಕಾರ್ಕಳಗಳಿಗೆ ಆಗ ಅನ್ವಯಿಸಲಿಲ್ಲ. ಆದರೆ ಭಾರತೀಯ ದಂಡಸಂಹಿತೆಯ ೩೭೭ನೆಯ ಕಲಮು ೧೮೬೨ರ ಜನವರಿ ೧ರಿಂದ ಇಲ್ಲಿಯೂ ಜಾರಿಗೆ ಬಂದಿತು.  ಬೀದರ, ಕಲಬುರಗಿ, ರಾಯಚೂರುಗಳನ್ನೊಳಗೊಂಡಿದ್ದ ನಿಜಾಮರ ರಾಜ್ಯದಲ್ಲಿ ೧೩೨೯ ಫಸಲಿಯಲ್ಲಿ, ಅಂದರೆ ೧೯೧೯ರಲ್ಲಿ, ಹಿಜಡಾಗಳ ಪಟ್ಟಿಯ ಕಾನೂನು ಪ್ರತ್ಯೇಕವಾಗಿ ಬಂದಿತು. ತೆಲಂಗಾಣದ ಉಚ್ಚ ನ್ಯಾಯಾಲಯವು ಅದನ್ನು ಅಸಿಂಧುವೆಂದು ಸಾರಿದುದು ೨೦೨೩ರಲ್ಲಿ. ಎಲ್ಲಕ್ಕಿಂತ ಸೋಜಿಗವಾದುದು ೨೦೧೧ರಲ್ಲಿ ಕರ್ನಾಟಕ ಪೊಲೀಸು ಅಧಿನಿಯಮಕ್ಕೆ ಸೇರಿಸಿದ ೩೬ಎ ಕಲಮು. ೧೮೭೧ರ ಪಟ್ಟಿಯ ಮಾತು ಹೆಚ್ಚುಕಡಿಮೆ ಅದೇ ಪದಗಳಲ್ಲಿ, ನೂರನಲವತ್ತು ವರ್ಷಗಳ ತರುವಾಯ, ಸ್ವತಂತ್ರ ಭಾರತದ ಒಂದು ರಾಜ್ಯದ ಶಾಸನದಲ್ಲಿ ಮರಳಿ ಕಾಣಿಸಿಕೊಂಡಿತು. ಸಮುದಾಯದವರು ನ್ಯಾಯಾಲಯಕ್ಕೆ ಹೋದ ಮೇಲೆ ಅದನ್ನು ತಿದ್ದಲಾಯಿತು. ಶಾಸನಗಳನ್ನು ಬರೆಯುವವರು ಹಳೆಯ ಕಡತದಿಂದ ನಕಲು ಮಾಡುವಾಗ ಏನನ್ನು ನಕಲು ಮಾಡುತ್ತಿರುವೆವೆಂದು ನೋಡಬೇಡವೇ?

ಜನರ ಪಟ್ಟಿಯೂ ಪದಗಳ ಪಟ್ಟಿಯೂ ಒಂದೇ ಮೇಜಿನ ಮೇಲೆ ತಯಾರಾದ ದೇಶದಲ್ಲಿ ಫಾರ್ಸಿಯನ್ನಾಡುವವರು ಕೋಶಕಾರನನ್ನು ಕಂಡರೆ ಹಿಂಜರಿಯುವುದು ಸಹಜ. ಬೆಂಗಳೂರಿನ ಹಿಜಡಾಗಳೂ ಕೋತಿಗಳೂ ಅನುಭವಿಸಿದ ಹಿಂಸೆಯನ್ನು ಅವರ ಹೇಳಿಕೆಗಳ ಆಧಾರದಿಂದ ಕರ್ನಾಟಕದ ಪಿ. ಯು. ಸಿ. ಎಲ್. ಸಂಸ್ಥೆಯು ೨೦೦೩ರ ವರದಿಯಲ್ಲಿ ದಾಖಲಿಸಿದೆ. ಹಮಾಮು ಎಂಬ ಪದವು ಅಲ್ಲಿ ಮತ್ತೆ ಮತ್ತೆ ಬರುವುದು. ಅರಬ್ಬಿಯಲ್ಲಿ ಸ್ನಾನಗೃಹವೆಂದರ್ಥವಾದ ಈ ಪದವು ಬೆಂಗಳೂರಿನಲ್ಲಿ ಹಿಜಡಾಗಳು ನಡೆಸುತ್ತಿದ್ದ ಬಿಸಿನೀರಿನ ಮನೆಗೂ, ಅದರೊಂದಿಗೆ ಅವರ ವಸತಿಗೂ ಕಸುಬಿಗೂ ಹೆಸರಾಯಿತು.

ಇದಾದ ಮೇಲೆ ಕೋಶದ ಕೈ ಬದಲಾಯಿತೆನ್ನಬೇಕು. ಬೆಂಗಳೂರಿನ ಹಮಾಮಿನಲ್ಲಿ ಬಾಳಿ, ಅಲ್ಲಿಯೇ ಸಂಗಮವೆಂಬ ಸಂಸ್ಥೆಯಲ್ಲಿ ಕೆಲಸ ಮಾಡಿದ ಎ. ರೇವತಿಯವರು ತಮಿಳಿನಲ್ಲಿ ತಮ್ಮ ಜೀವನಕಥೆಯನ್ನು ಬರೆದರು. ಅದರ ಇಂಗ್ಲಿಷ್ ಅನುವಾದವು ೨೦೧೦ರಲ್ಲಿ ಪ್ರಕಟವಾಯಿತು. ಕನ್ನಡದಲ್ಲಿ ಬದುಕು ಬಯಲು ಎಂಬ ಹೆಸರಿನಿಂದ ಬಂದು ರಂಗದ ಮೇಲೂ ಏರಿತು. ಗುರು, ಚೇಲಾ, ನಿರ್ವಾಣ, ಹಮಾಮು ಎಂಬ ಪದಗಳು ಅಲ್ಲಿ ಆರೋಪಪಟ್ಟಿಯಲ್ಲಿ ಬಾರದೆ, ಅವುಗಳನ್ನು ಬಾಳಿದವರ ವಾಕ್ಯದಲ್ಲಿಯೇ ಬಂದಿವೆ. ಎಷ್ಟನ್ನು ಹೇಳಬೇಕು, ಎಷ್ಟನ್ನು ಬಿಡಬೇಕೆಂಬ ನಿರ್ಣಯವೂ ಅವರದೇ. ಸರ್ವೋಚ್ಚ ನ್ಯಾಯಾಲಯವು ೨೦೧೪ರ ಏಪ್ರಿಲ್ ೧೫ರಂದು ತೃತೀಯ ಲಿಂಗವನ್ನು ಮನ್ನಿಸಿತು. ೨೦೧೮ರ ಸೆಪ್ಟೆಂಬರ್ ೬ರಂದು ವಯಸ್ಕರ ಸಮ್ಮತಿಯ ಸಂಬಂಧವನ್ನು ೩೭೭ನೆಯ ಕಲಮಿನಿಂದ ಬಿಡಿಸಿತು. ೨೦೨೪ರ ಜುಲೈ ೧ರಿಂದ ಆ ದಂಡಸಂಹಿತೆಯೇ ಇಲ್ಲವಾಯಿತು.

ಹಾಗಾದರೆ ಪೊಲಾರಿಯ ಗತಿಯೇ ಫಾರ್ಸಿಗೂ ಬರುವುದೇ? ಅವಸರದಿಂದ ಹೌದೆನ್ನುವಂತಿಲ್ಲ. ಪೊಲಾರಿಗೆ ಗುಟ್ಟಿನ ಹೊರತು ಬೇರೆ ಆಶ್ರಯವಿರಲಿಲ್ಲ. ಗುಟ್ಟು ಹೋದೊಡನೆ ಅದೂ ಹೋಯಿತು. ಫಾರ್ಸಿಯನ್ನು ಗುರುವಿನಿಂದ ಚೇಲಾ ಕಲಿಯುವನು. ಅದು ದೀಕ್ಷೆ, ಮನೆತನ, ನ್ಯಾಯಪಂಚಾಯತಿಗಳೊಡನೆ ಹೆಣೆದುಕೊಂಡಿದೆ. ಕಾನೂನು ಮನ್ನಿಸಿದರೂ ಮನೆ ಮನ್ನಿಸದ ತನಕ ಗಂಡುಡುಗೆಯ ಕೋತಿಗೆ ಮರೆಯ ಮಾತು ಬೇಕಾಗಿಯೇ ಇರುವುದು; ಉಡುಪಿಯಂತಹ ಸಣ್ಣ ಊರುಗಳಲ್ಲಿ, ಎಲ್ಲರೂ ಎಲ್ಲರನ್ನೂ ಬಲ್ಲ ಕಡೆ, ಮಹಾನಗರಕ್ಕಿಂತ ಹೆಚ್ಚಾಗಿ.

ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ಯು. ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ೧೯೮೮ರಿಂದ ೧೯೯೭ರವರೆಗೆ ಆರು ಸಂಪುಟಗಳಲ್ಲಿ ಹೊರಬಂದ ತುಳು ನಿಘಂಟು ಈ ನಾಡಿನ ಕೋಶಕಾರ್ಯದ ಶಿಖರ. ಕ್ಷೇತ್ರಕ್ಕೆ ಹೋಗಿ, ಬೇರೆ ಬೇರೆ ಸಮುದಾಯಗಳವರ ಎದುರಿನಲ್ಲಿ ಕುಳಿತು ಪದಗಳನ್ನು ಕೂಡಿಸುವ ವಿದ್ಯೆ ಅಲ್ಲಿ ಬೆಳೆಯಿತು. ಆಡುವವನಿಗೆ ತನ್ನ ಪದವು ಕೋಶದಲ್ಲಿ ಸೇರಿತೆಂದು ಸಂತೋಷವಾಗುವ ಕಡೆ ಈ ಕ್ರಮವು ಸರಿಯಾಗಿಯೇ ಇದೆ. ಪದವು ಹೊರಬಿದ್ದರೆ ಆಡುವವನ ಮರೆಯೇ ಹೋಗುವ ಕಡೆ ಅದನ್ನು ಹಾಗೆಯೇ ಅನ್ವಯಿಸಲಾಗದು. ಪೊಲಾರಿಯ ಕೋಶವು ಭಾಷೆ ಸತ್ತ ಮೇಲೆ ಬಂದುದರಿಂದ ಯಾರಿಗೂ ಹಾನಿಯಾಗಲಿಲ್ಲ. ಬದುಕಿರುವ ಭಾಷೆಯ ಪ್ರಶ್ನೆಯೇ ಬೇರೆ. ಈ ಲೇಖನದಲ್ಲಿ ಎತ್ತಿಕೊಂಡಿರುವ ಫಾರ್ಸಿಯ ಪದಗಳು ಈಗಾಗಲೇ ಅಚ್ಚಾಗಿ ಲೋಕದ ಕೈಯಲ್ಲಿರುವವು ಮಾತ್ರ. ಹಣವನ್ನೆಣಿಸುವುದಕ್ಕೂ, ಪೊಲೀಸಿನವರ ಬರವನ್ನು ಸೂಚಿಸುವುದಕ್ಕೂ, ಅಪಾಯದಲ್ಲಿ ಒಬ್ಬರನ್ನೊಬ್ಬರು ಎಚ್ಚರಿಸುವುದಕ್ಕೂ ಇರುವ ಪದಗಳನ್ನು ಇಲ್ಲಿ ಕೊಟ್ಟಿಲ್ಲ.